ಇಬ್ಬರು ಡನ್ನರು: 1635ರ ಮುದ್ರಣದ ಬಗ್ಗೆ ಒಂದು ಟಿಪ್ಪಣಿ

ಹರೆಯದಲ್ಲಿ ಶೃಂಗಾರಕವಿ, ಮುಪ್ಪಿನಲ್ಲಿ ಭಕ್ತಕವಿ. ಇಂಗ್ಲೆಂಡಿನ ಜಾನ್ ಡನ್ (1572–1631) ಬಗ್ಗೆ ಸಾಮಾನ್ಯವಾಗಿ ಹೇಳುವ ಮಾತು ಇದು. ಈ ವಿಂಗಡಣೆ ಗಟ್ಟಿಯಾಗಲು ಅವನು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ ಹೊರಬಂದ ಒಂದು ಪುಸ್ತಕದ ಜೋಡಣೆ ಬಹುಮಟ್ಟಿಗೆ ಕಾರಣವೆಂದು ನನಗೆ ತೋರುತ್ತದೆ.

ಬದುಕಿರುವಾಗ ಡನ್ ಅಚ್ಚು ಹಾಕಿಸಿದ ಕವಿತೆಗಳು ತೀರ ಕಡಿಮೆ. 1611 ಮತ್ತು 1612ರ ‘ಆನಿವರ್ಸರಿ’ಗಳೇ ಅವುಗಳಲ್ಲಿ ಮುಖ್ಯ. ಉಳಿದ ಕವಿತೆಗಳು ಗೆಳೆಯರು, ಆಶ್ರಯದಾತರ ನಡುವೆ ಕೈಬರಹದ ಪ್ರತಿಗಳಾಗಿ ಓಡಾಡಿದವು. 1614ರ ಡಿಸೆಂಬರಿನಲ್ಲಿ, ಪಾದ್ರಿಯಾಗುವ ಹೊಸ್ತಿಲಲ್ಲಿ, ಅವುಗಳನ್ನು ಮುದ್ರಿಸಲೇಬೇಕಾದ ಸಂದರ್ಭ ಬಂದಿದೆಯೆಂದು ಅವನು ಹೆನ್ರಿ ಗುಡಿಯರ್‌ಗೆ ಬರೆದು, ಹಳೆಯ ಕವಿತೆಗಳ ಪುಸ್ತಕವನ್ನು ಕೇಳುತ್ತಾನೆ. ತನ್ನ ಕವಿತೆಗಳಿಗಾಗಿ ಕವಿಯೇ ಗೆಳೆಯನ ಮೊರೆಹೋಗಬೇಕಾಯಿತು! ಆ ಮುದ್ರಣ ಆಗಲೇ ಇಲ್ಲ. ಇಂಗ್ಲಿಷ್ ಕವಿತೆಗಳ ಪೈಕಿ ಅವನ ಸ್ವಂತ ಕೈಬರಹದಲ್ಲಿ ಉಳಿದಿರುವುದು ಒಂದು ಪದ್ಯಪತ್ರ ಬಿಟ್ಟರೆ ಹೆಚ್ಚೇನಿಲ್ಲ. ಹೀಗಾಗಿ ಕವಿತೆಗಳ ಅನುಕ್ರಮಕ್ಕೆ ಕವಿಯ ಸಮ್ಮತಿಯ ಮುದ್ರೆ ಎಲ್ಲಿಯೂ ಸಿಗುವುದಿಲ್ಲ.

ಜಾನ್ ಮ್ಯಾರಿಯಟ್ 1633ರಲ್ಲಿ ತಂದ ಮೊದಲ ಸಂಗ್ರಹದಲ್ಲಿ ಭಕ್ತಿಯ ಸಾನೆಟ್ಟುಗಳು ಪ್ರೇಮಕವಿತೆಗಳಿಗಿಂತ ಮೊದಲೇ ಬರುತ್ತವೆ. ಅದೇ ಪ್ರಕಾಶಕ 1635ರಲ್ಲಿ ಇಡೀ ಪುಸ್ತಕವನ್ನು ಕಾವ್ಯಪ್ರಕಾರಗಳಿಗೆ ಅನುಗುಣವಾಗಿ ಮರುಜೋಡಿಸಿದ. ‘ಸಾಂಗ್ಸ್ ಅಂಡ್ ಸಾನೆಟ್ಸ್’ ಎಂಬ ಗುಂಪು ಮುಂದಕ್ಕೆ ಬಂತು, ದೈವಿಕ ಕವಿತೆಗಳು ಹಿಂದಕ್ಕೆ ಸರಿದವು. ಆರಂಭದಲ್ಲಿ ಹದಿನೆಂಟರ ಡನ್ನನ ಕೆತ್ತನೆಚಿತ್ರ. ಅದರ ಕೆಳಗೆ, ಹರೆಯದ ಹಗುರತನವನ್ನೂ ಕೊನೆಗಾಲದ ದೈವಭಕ್ತಿಯನ್ನೂ ಎದುರುಬದುರು ನಿಲ್ಲಿಸುವ ಐಸಾಕ್ ವಾಲ್ಟನ್ ರಚಿಸಿದ ಪದ್ಯ. ಪುಸ್ತಕ ತೆರೆದವನಿಗೆ ಜೀವನಚರಿತ್ರೆ ಸಿದ್ಧವಾಗಿಯೇ ಸಿಗುತ್ತಿತ್ತು.

‘ಹೋಲಿ ಸಾನೆಟ್ಸ್’ ಎಂಬ ಆ ಭಕ್ತಿಯ ಸಾನೆಟ್ಟುಗಳ ವಿಷಯದಲ್ಲಿ ತೊಡಕು ಇನ್ನಷ್ಟು. 1633ರಲ್ಲಿ 12, 1635ರಲ್ಲಿ 16. ರೋಲಂಡ್ ವುಡ್‌ವರ್ಡ್ ನಕಲು ಮಾಡಿದ ವೆಸ್ಟ್‌ಮೋರ್‌ಲ್ಯಾಂಡ್ ಹಸ್ತಪ್ರತಿಯಲ್ಲಿ 19, ಕ್ರಮವೂ ಬೇರೆ. ಹೆಲೆನ್ ಗಾರ್ಡ್ನರ್ 1952ರ ಆವೃತ್ತಿಯಲ್ಲಿ ಇವುಗಳಲ್ಲಿ ಬಹುಪಾಲನ್ನು 1609ರ ಸುಮಾರಿಗೆ ಇಟ್ಟರು. ಡನ್ ಪಾದ್ರಿಯಾಗಿ ದೀಕ್ಷೆ ಪಡೆದದ್ದು ಅದಾದ ಮೇಲೆ, 1615ರಲ್ಲಿ; ಹಾಗಾದರೆ ಈ ಭಕ್ತಿಕವಿತೆಗಳಲ್ಲಿ ಬಹುಪಾಲು ಮುಪ್ಪಿನವಲ್ಲ.

ಹರೆಯದ ‘ಜ್ಯಾಕ್ ಡನ್’ ಮತ್ತು ಪಾದ್ರಿಯಾದ ‘ಡಾಕ್ಟರ್ ಡನ್’ ಎಂಬ ಭೇದ ಕವಿಯದೇ ಅಲ್ಲವೇ ಎಂದು ಕೇಳಬಹುದು. ಹೌದು, 1619ರಲ್ಲಿ ರಾಬರ್ಟ್ ಕೆರ್‌ಗೆ ಬರೆದ ಪತ್ರದಲ್ಲಿದೆ. ಆದರೆ ಅಲ್ಲಿನ ಪ್ರಸ್ತಾಪ ಆತ್ಮಹತ್ಯೆಯನ್ನು ಚರ್ಚಿಸುವ ‘ಬಯಾಥನಾಟೋಸ್’ ಎಂಬ ಗದ್ಯಗ್ರಂಥದ್ದು. ಆ ಭೇದವನ್ನು ಪ್ರೇಮಕವಿತೆಗಳಿಗೆ ತಂದು ಅಂಟಿಸುವುದು ಸಲ್ಲದು. 1635ರ ಅನುಕ್ರಮವೂ ಯಾವ ಕವಿತೆಯ ಕಾಲನಿರ್ಣಯಕ್ಕೂ ಸಾಕ್ಷಿಯಾಗಲಾರದು.