ಹರೀಶ ಹಂದೆಯವರೂ ಸೌರದೀಪವೂ

ಮನೆಯ ದೀಪಕ್ಕೆ ಬೇಕಾದ ಎಣ್ಣೆಯನ್ನು ಸೂರ್ಯನಿಂದ ಕಡ ತರಬಹುದೆಂದರೆ ಹಿಂದಿನವರು ಅದನ್ನು ಕವಿಸಮಯವೆಂದೆಣಿಸಿ ನಕ್ಕುಬಿಡುತ್ತಿದ್ದರು. ಕನ್ನಡನಾಡಿನ ಹಳ್ಳಿಗಳಲ್ಲಿ ಅದನ್ನು ದಿನಬಳಕೆಯ ಸಂಗತಿಯಾಗಿಸಿದವರಲ್ಲಿ ಡಾಕ್ಟರ್ ಹರೀಶ ಹಂದೆಯವರು ಅಗ್ರಗಣ್ಯರು.

ಇವರು 1967ನೆಯ ಇಸವಿಯಲ್ಲಿ ಜನಿಸಿದರು. ಮೂಲಸ್ಥಳವು ಕುಂದಾಪುರ ಸೀಮೆಯ ಹಂದಟ್ಟು. ಬೆಳೆದುದು ಒಡಿಶಾದ ರೂರ್ಕೆಲದಲ್ಲಿ. ಖರಗಪುರದ ಐ.ಐ.ಟಿ.ಯಲ್ಲಿ ಶಕ್ತಿಶಾಸ್ತ್ರವನ್ನು ವ್ಯಾಸಂಗಮಾಡಿ, ಡಾಕ್ಟರೇಟ್ ಪದವಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಶಾಖೆಯನ್ನು ಸೇರಿದರು. ಆ ಕಾಲದಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಹೋದಾಗ, ಬಡವರೇ ಹಣ ತೆತ್ತು ಸೌರದೀಪ ಬೆಳಗಿಸಿಕೊಳ್ಳುತ್ತಿದ್ದುದನ್ನು ಕಂಡರು. ಇದರಿಂದ ಅವರ ಸಂಶೋಧನೆಯ ದಿಕ್ಕೇ ತಿರುಗಿತು. ಶ್ರೀಲಂಕೆಯ ಹಳ್ಳಿಗಳಲ್ಲಿ ತಂಗಿದ್ದು ಜನಜೀವನವನ್ನು ಅಭ್ಯಸಿಸಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಎಂಬವರೊಡನೆ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದರು.

ಸೌರದೀಪದ ತತ್ತ್ವವು ಸರಳವೇ. ಸಿಲಿಕಾನ್ ಫಲಕದ ಮೇಲೆ ಬಿದ್ದ ಬಿಸಿಲು ಅದರೊಳಗಿನ ಎಲೆಕ್ಟ್ರಾನುಗಳನ್ನು ಚಲಿಸುವಂತೆ ಮಾಡುತ್ತದೆ. ಹೀಗೆ ಹುಟ್ಟಿದ ವಿದ್ಯುತ್ತು ಹಗಲೆಲ್ಲ ಬ್ಯಾಟರಿಯಲ್ಲಿ ಸಂಚಯವಾಗಿ ರಾತ್ರಿ ದೀಪಕ್ಕೆ ಒದಗುತ್ತದೆ. ಕಠಿನವಾದುದು ಹಣದ ಮಾತು. ಸೀಮೆಎಣ್ಣೆಯನ್ನು ಬಡವನು ಕುಡಿಕೆ ಕುಡಿಕೆಯಾಗಿ ಕೊಳ್ಳಬಲ್ಲನು. ಸೌರದೀಪದಲ್ಲಾದರೋ ಹಲವು ವರ್ಷಗಳ ಎಣ್ಣೆಯ ಬೆಲೆಯನ್ನು ಮೊದಲ ದಿನವೇ ತೆರಬೇಕು! ತಿಂಗಳಿಗೆ 300 ರೂಪಾಯಿ ಎಂದರೆ ಬೆದರುವ ಬೀದಿವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಭಾರವಲ್ಲವೆಂಬುದನ್ನು ಹಂದೆಯವರು ಪದೇಪದೇ ಹೇಳಿದ್ದಾರೆ. ಲೆಕ್ಕ ಒಂದೇ, ಆದರೆ ಸಂಪಾದನೆಯ ಕ್ರಮ ಬೇರೆ. ಇದನ್ನು ತಿಳಿಯದ ಅರ್ಥಶಾಸ್ತ್ರ ಪಂಡಿತರು ಅನೇಕರಿದ್ದಾರೆ.

ಆದುದರಿಂದ ಅವರು ಬ್ಯಾಂಕುಗಳ ಬಾಗಿಲಿಗೆ ಹೋದರು. ಆರಂಭದಲ್ಲಿಯೇ ಸಾಲ ಕೊಡಲು ಮುಂದೆ ಬಂದವುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದೆಂಬುದು ಈ ಸೀಮೆಯವರಿಗೆ ಅಭಿಮಾನದ ವಿಷಯ. 2005ರಲ್ಲಿ ಆ ಬ್ಯಾಂಕು ಬೇರೆ ಗ್ರಾಮೀಣ ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ನೆರವಿನಿಂದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಸೌರಸಾಲವನ್ನು ಕಡಿಮೆ ಬಡ್ಡಿಗೆ ಕೊಡತೊಡಗಿದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಶಾಸ್ತ್ರಜ್ಞರು ದೇಹಲೀದೀಪನ್ಯಾಯವೆಂದು ಹೇಳುವುದುಂಟು: ಹೊಸ್ತಿಲ ಮೇಲಿಟ್ಟ ಒಂದೇ ದೀಪವು ಒಳಗೂ ಹೊರಗೂ ಬೆಳಗುತ್ತದೆ. ಸಾಲ ಮಾಡಿ ದೀಪ ಕೊಳ್ಳುವ ಮನೆಯಲ್ಲಿ ಇದು ಬರಿಯ ದೃಷ್ಟಾಂತವಲ್ಲ, ಖರ್ಚಿನ ಪ್ರಶ್ನೆ. ಹೊಲಿಯುವವಳಿಗೆ ಎಲ್ಲಿ ಬೆಳಕು ಬೇಕು, ಅಡುಗೆಯವಳಿಗೆ ಎಲ್ಲಿ ಬೇಕು ಎಂಬುದನ್ನು ನೋಡಿಯೇ ದೀಪ ತೂಗಿಸಬೇಕಾಗುತ್ತದೆ.

ಇಷ್ಟರಲ್ಲಿ ಭೌತಶಾಸ್ತ್ರವೂ ಸಹಾಯಕ್ಕೆ ಬಂದಿತು. ತಂತಿಯನ್ನು ಕಾಯಿಸಿ ಉರಿಸುವ ಹಳೆಯ ಬುರುಡೆಯಲ್ಲಿ ವಿದ್ಯುತ್ತಿನ 100ಕ್ಕೆ 90 ಪಾಲಿಗಿಂತ ಅಧಿಕವು ಶಾಖವಾಗಿ ವ್ಯರ್ಥವಾಗುತ್ತದೆ. ಜಪಾನಿನಲ್ಲಿ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರ ಪರಿಶ್ರಮದಿಂದ ಸಿದ್ಧಿಸಿದ ನೀಲಿ ಎಲ್.ಇ.ಡಿ.ಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ನೀಲಿ ಬೆಳಕಿಗೆ ಹಳದಿ ಪ್ರಭೆ ಬೀರುವ ಲೇಪವನ್ನು ಕೂಡಿಸಿದರೆ ಬಿಳಿಯ ಬೆಳಕಾಗುತ್ತದೆ. ಇದರಿಂದ ಹಳ್ಳಿಯ ಮನೆಗೆ ಚಿಕ್ಕ ಫಲಕ, ಚಿಕ್ಕ ಬ್ಯಾಟರಿ ಸಾಕಾದವು. ಸಾಲದ ಮೊತ್ತವೂ ಅಷ್ಟರಮಟ್ಟಿಗೆ ತಗ್ಗಿತು.