ಕಾಕಾನ ಮಗ್ಗ, ಕಬ್ಬು ಮತ್ತು ಸಿಂಥೆಟಿಕ್ ಬಯಾಲಜಿ

ದೀಪಾವಳಿಗೆ ಊರಿಗೆ ಹೋಗಿದ್ದೆ. ಬೀಳಗಿ ಕ್ರಾಸ್ ದಾಟಿದ ಮೇಲೆ ಜಮಖಂಡಿ ತನಕ ಬಸ್ಸಿನ ಮುಂದೆ ಬರೀ ಕಬ್ಬಿನ ಟ್ರ್ಯಾಕ್ಟರುಗಳು. ಬನಹಟ್ಟಿಯ ಕಾಕಾನ ಮನೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿತ್ತು. ಕಾಕಾಗೆ ನಾಲ್ಕು ಪಾವರ್‌ಲೂಮ್ ಇವೆ. ಮಗ ಬಯೋಟೆಕ್ ಇಂಜಿನಿಯರಿಂಗ್ ಮೂರನೇ ವರ್ಷ.

ಊಟಕ್ಕೆ ಕೂತಾಗ ಕಾಕಾ ಶುರು ಮಾಡಿದರು. "ತಮ್ಮಾ, ನೀನರ ಇವಗ ಬುದ್ಧಿ ಹೇಳಪಾ. ಕಂಪ್ಯೂಟರ್ ಕೋರ್ಸ್ ಮಾಡಿ ನಿನ್ನಂಗ ಕಂಪನಿ ಸೇರ ಅಂದ್ರ, ಅದೇನೋ ಸಿಂಥೆಟಿಕ್ ಬಯಾಲಜಿ ಓದ್ತೀನಿ ಅಂತಾನ. ಸಿಂಥೆಟಿಕ್ ಅಂದ್ರ ಪಾಲಿಸ್ಟರ್ ನೂಲ ಅಲ್ಲೇನ?"

ನಾವಿಬ್ಬರೂ ನಕ್ಕೆವು, ಕಾಕಾ ನಗಲಿಲ್ಲ. ಇವನು ಓದಿ ಮುಗಿಸುವಷ್ಟರಲ್ಲಿ ಮಗ್ಗದ ಸಾಲ ತೀರಿರುತ್ತದೋ ಇಲ್ಲವೋ ಎಂಬ ಲೆಕ್ಕ ಅವರದು. ನನಗೂ ಸಿಇಟಿಯಲ್ಲಿ ಬಯೋಟೆಕ್ ಸೀಟು ಸಿಗುತ್ತಿತ್ತು, ಹೆದರಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವನು ನಾನು. ಬುದ್ಧಿ ಹೇಳುವ ಯೋಗ್ಯತೆ ಎಲ್ಲಿಂದ ಬರಬೇಕು? :-)

ಆ ರಾತ್ರಿ ಮಾಳಿಗೆಯ ಮೇಲೆ ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಆಮೇಲೆ ಬೆಂಗಳೂರಿಗೆ ಬಂದು ಒಂದಿಷ್ಟು ಓದಿದೆ. ಜೀವಿಗಳನ್ನು ಬೇಕಾದಂತೆ ತಿದ್ದುವ ಈ ಕೆಲಸ ಅಮೆರಿಕದಿಂದ ನಿನ್ನೆ ಮೊನ್ನೆ ಬಂದಿಳಿದದ್ದು ಅಂದುಕೊಂಡಿದ್ದೆ. ಅಲ್ಲ. ಮುಧೋಳದ ನಾಯಿಯೇ ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ತಳಿ. ಅದು ಹಾಗಿರಲಿ, ನನ್ನ ಬಸ್ಸನ್ನು ತಡೆದು ನಿಲ್ಲಿಸಿದ ಕಬ್ಬಿನ ಕಥೆ ಇನ್ನೂ ಚೆನ್ನಾಗಿದೆ.

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಯಿತು. ಅಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಸೇರಿ ರಸ ತುಂಬಿದ ದಪ್ಪ ಕಬ್ಬಿಗೂ, ಹೊಳೆದಂಡೆಯಲ್ಲಿ ಹುಲ್ಲಿನಂತೆ ಬೆಳೆಯುವ ಕಾಡುಕಬ್ಬಿಗೂ ಸಂಬಂಧ ಬೆಳೆಸಿದರು. ಒಂದರಿಂದ ಸಿಹಿ, ಇನ್ನೊಂದರಿಂದ ಗಟ್ಟಿತನ. 1918ರಲ್ಲಿ 'ಕೋ 205' ಹೊರಬಂತು. 'ಕೋ' ಅಂದರೆ ಕೊಯಮತ್ತೂರು. ಮುಂದೆ ಜಾನಕಿ ಅಮ್ಮಾಳ್ ಅಲ್ಲೇ ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದರು. ನಮ್ಮ ಕಡೆಯ ರೈತರ ಬಾಯಲ್ಲಿ ಫೋನ್ ನಂಬರಿನಂತೆ ಓಡಾಡುವ 86032 ಇದೇ ವಂಶದ ಕುಡಿ. ಆ ಕಬ್ಬಿನ ಕಾಕಂಬಿಯನ್ನು ಯೀಸ್ಟಿಗೆ ತಿನ್ನಿಸಿ ಎಥನಾಲ್ ತೆಗೆಯುವ ದೊಡ್ಡ ಕಾರ್ಖಾನೆ ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲೇ ಇದೆ. ಈಗ ಅದರ ಹೆಸರಲ್ಲೇ 'ಬಯೋರಿಫೈನರಿ' ಇದೆ. ಹುಡುಗನಿಗೆ ಈ ಹುಚ್ಚು ಹತ್ತಿದ್ದೂ ಅಲ್ಲಿಂದಲೇ. ಯೀಸ್ಟು ಎಥನಾಲ್ ಮಾಡುತ್ತದೆ ಸರಿ, ಬೇರೆ ಏನಾದರೂ ಮಾಡು ಅಂದರೆ ಮಾಡುತ್ತದಾ? ಮಾಡುತ್ತದೆ! 2006ರಲ್ಲಿ ಬರ್ಕ್ಲಿಯ ಜೇ ಕೀಸ್ಲಿಂಗ್ ಅವರ ತಂಡ ಯೀಸ್ಟಿಗೆ ಬೇರೆ ಜೀನುಗಳನ್ನು ಸೇರಿಸಿ, ಮಲೇರಿಯಾ ಔಷಧಿಯ ಮೂಲವಸ್ತುವನ್ನೇ ಅದರಿಂದ ಮಾಡಿಸಿತು.

ಆದರೆ ಅವನಿಗೆ ನಾನು ಹೇಳಲೇಬೇಕಿದ್ದ ಕಥೆ ಕಾಕಾನ ನೂಲಿನದು, ಅಂದರೆ ಹತ್ತಿಯದು.

ಧಾರವಾಡದಲ್ಲಿ ಡಾ. ಕಟರಕಿ 1972ರಲ್ಲಿ 'ವರಲಕ್ಷ್ಮಿ' ಹತ್ತಿ ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿ ಕೂಡಿಸಿದ ಹೈಬ್ರಿಡ್, ಉದ್ದ ಎಳೆ, ಒಳ್ಳೆ ಇಳುವರಿ. ಆದರೆ ಹೈಬ್ರಿಡ್ ಅಂದಮೇಲೆ ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಾಗ, ಕಾಯಿಕೊರಕವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೀನು ಬಂದದ್ದೂ ಹೈಬ್ರಿಡ್ಡುಗಳಲ್ಲೇ. ಬೀಜ ಯಾರ ಕೈಯಲ್ಲಿರಬೇಕು ಎಂಬ ಸಿಟ್ಟು ಮೊದಲೇ ಇತ್ತು. 1998ರಲ್ಲೇ ನಂಜುಂಡಸ್ವಾಮಿಯವರ ರೈತ ಸಂಘ ಪ್ರಯೋಗದ ಹೊಲಕ್ಕೆ ಬೆಂಕಿ ಇಟ್ಟಿತ್ತು. ಹೊಲ ಸುಡುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಅವರ ಪ್ರಶ್ನೆ ಸರಿಯಾಗಿತ್ತು.

ಅದಕ್ಕೆ ಉತ್ತರ ಎಂಬಂತೆ ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ 'ಬಿಕಾನೇರಿ ನರ್ಮಾ' ಎಂಬ ಬಿಟಿ ತಳಿ ಮಾಡಿದವು. ಹೈಬ್ರಿಡ್ ಅಲ್ಲ, ತಳಿ! ಸರ್ಕಾರಿ ದುಡ್ಡಿನದು, ರೈತ ಬೀಜ ಎತ್ತಿಟ್ಟುಕೊಂಡು ಮತ್ತೆ ಬಿತ್ತಬಹುದು. 2008ರಲ್ಲಿ ಒಪ್ಪಿಗೆ ಸಿಕ್ಕಿತು, 2009ರಲ್ಲಿ ರೈತರ ಕೈ ಸೇರಿತು. ಅಷ್ಟಕ್ಕೇ ನಿಂತೂ ಹೋಯಿತು. ಆ ಬೀಜದಲ್ಲಿ ಮೊನ್ಸಾಂಟೋ ಕಂಪನಿಯ ಜೀನು ಪತ್ತೆಯಾಗಿತ್ತು. ಸೊಪೋರಿ ಸಮಿತಿಯ 2012ರ ವರದಿಯೂ ಅದನ್ನೇ ಹೇಳಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ನಮ್ಮದೇ ಸ್ವಂತ ಕೋಡ್ ಎಂದು ರಿಲೀಸ್ ಮಾಡಿದ್ದರಲ್ಲಿ ಬೇರೆಯವರ ಫೈಲು ಇತ್ತು. ಬೀಜದಲ್ಲಿ ಯಾವ ಜೀನು ಇದೆ ಅಂತ ಪಿಸಿಆರ್ ಪರೀಕ್ಷೆ ಒಂದೇ ದಿನದಲ್ಲಿ ಹೇಳುತ್ತದೆ. ಬಿಡುಗಡೆಗೆ ಮುಂಚೆಯೇ ಅದು ಗೊತ್ತಾಗಬೇಕಿತ್ತು ಅನ್ನುವುದು ನನ್ನ ಹೊಟ್ಟೆಯುರಿ. ಕಳೆದುಕೊಂಡದ್ದು ಮಾತ್ರ ರೈತ.

ಬೆಳಿಗ್ಗೆ ಕಾಕಾಗೆ ಜೀನು ಅಂದರೇನು ಅಂತ ಹುಡುಗ ಜಕಾರ್ಡ್ ಕಾರ್ಡು ತೋರಿಸಿ ವಿವರಿಸಿದ. ಕಾರ್ಡಿನಲ್ಲಿ ತೂತು ಹೇಗಿದೆಯೋ ಸೀರೆಯಲ್ಲಿ ಡಿಸೈನ್ ಹಾಗೆ. ಕಾಕಾ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, "ಒಂದ ತೂತ ತಪ್ಪಿದ್ರ ಸೀರಿ ತುಂಬ ಅದ ತಪ್ಪ ಬರ್ತೈತಿ. ಅದನ್ನ ನೋಡಾವ್ರು ಯಾರು?" ಅಂದರು.

"ಅದನ್ನ ನೋಡಾಕ ಕಲೀತೀನಿ ಅಪ್ಪಾ," ಅಂದ.

ಈ ವಿದ್ಯೆಯಲ್ಲಿ ನಮ್ಮಂಥವರಿಗೂ ಜಾಗ ಇದೆ ಅನ್ನುವುದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ. 2000ದಲ್ಲಿ ಬಾಸ್ಟನ್ನಿನಲ್ಲಿ ಒಂದನ್ನೊಂದು ಆಫ್ ಮಾಡುವ ಎರಡು ಜೀನುಗಳನ್ನು ಬ್ಯಾಕ್ಟೀರಿಯಾದಲ್ಲಿ ಕೂರಿಸಿ ಸ್ವಿಚ್ ಮಾಡಿದರು. ಮೂರನೇ ಸೆಮಿಸ್ಟರಿನಲ್ಲಿ ನಾವು ಉರು ಹೊಡೆದ ಫ್ಲಿಪ್-ಫ್ಲಾಪ್ ತರಹದ್ದೇ! ಜೀನುಗಳನ್ನು ಇಟ್ಟಿಗೆಯಂತೆ ಜೋಡಿಸುವ 'ಬಯೋಬ್ರಿಕ್' ಪದ್ಧತಿ ತಂದ ಎಂಐಟಿಯ ಟಾಮ್ ನೈಟ್ ಮೂಲತಃ ಕಂಪ್ಯೂಟರಿನವರು. ಎಂಐಟಿಯಲ್ಲೇ ಹುಟ್ಟಿದ 'ಐಜೆಮ್' ಎಂಬ ವಿದ್ಯಾರ್ಥಿ ಸ್ಪರ್ಧೆಗೆ 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ಹುಡುಗರು ಹೋದರು. ವಿಜ್ಞಾನದವರಲ್ಲ, ಕಲೆಯ ವಿದ್ಯಾರ್ಥಿಗಳು. ಅವರು ಕೈ ಹಾಕಿದ್ದು ಬ್ಯಾಕ್ಟೀರಿಯಾದಿಂದ ಮೊದಲ ಮಳೆಯ ಮಣ್ಣಿನ ವಾಸನೆ ತರಿಸುವ ಕೆಲಸಕ್ಕೆ. ಎರೆಮಣ್ಣಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಕಾಕಾ ಇನ್ನೂ ಪೂರ್ತಿ ಒಪ್ಪಿಲ್ಲ. ಕೋಡಿಂಗ್ ಕೋರ್ಸಿನ ಫೀ ತುಂಬಿಯಾಗಿದೆ, ರಜೆಯಲ್ಲಿ ಅದನ್ನೂ ಮಾಡು, ಎಂ.ಟೆಕ್ ಅರ್ಜಿಯನ್ನೂ ಹಾಕು ಅಂದಿದ್ದಾರಂತೆ. ಮೊನ್ನೆ ಹುಡುಗ ಫೋನ್ ಮಾಡಿದ್ದ, "ಅಣ್ಣಾ, ಪೈಥಾನ್ ನೀ ಕಲಸ್ತಿ?" ಅಂತ. ಭಾನುವಾರದಿಂದ ಶುರು ಮಾಡುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಬಯೋಟೆಕ್ ಓದಿದವರಿದ್ದರೆ ಅವನಿಗೆ ಎರಡು ಮಾತು ಬರೆಯಿರಿ, ತಲುಪಿಸುತ್ತೇನೆ.