ಹಳೆಯ ಕಡತದ ಮೊದಲ ಸಾಲು

ಗಣಿತ, ಭೌತವಿಜ್ಞಾನದ ಪ್ರಬಂಧಗಳನ್ನು ಅಚ್ಚಿಗೆ ಸಿದ್ಧಪಡಿಸುವ ಲೇಟೆಕ್ ತಂತ್ರಾಂಶ 1994ರ ಜೂನ್‌ನಲ್ಲಿ ಹೊಸ ರೂಪ ಪಡೆಯಿತು. ಅದರ ಮುಂದಿದ್ದ ಕಠಿಣ ಪ್ರಶ್ನೆ ಹೊಸ ಸೌಲಭ್ಯಗಳದ್ದಲ್ಲ, ಜನ ತಾವೇ ಬರೆದಿಟ್ಟುಕೊಂಡಿದ್ದ ಸ್ಟೈಲ್ ಕಡತಗಳದ್ದು.

ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ಕಂಡು ಬೇಸರಗೊಂಡು ಟೆಕ್ ಎಂಬ ಅಚ್ಚುಜೋಡಣೆಯ ತಂತ್ರಾಂಶ ಕಟ್ಟಲು ಹೊರಟರು. ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ರಚಿಸಿದರು. ಬರೆಯುವವರು ವಿಷಯ ನೋಡಿಕೊಂಡರೆ ಸಾಕು, ಪುಟದ ರೂಪವನ್ನು ಸ್ಟೈಲ್ ಕಡತ ನೋಡಿಕೊಳ್ಳುತ್ತದೆ ಎಂಬುದು ಅದರ ತಿರುಳು. ಆದರೆ ಪ್ರತಿ ವಿಶ್ವವಿದ್ಯಾಲಯಕ್ಕೂ ಪ್ರತಿ ನಿಯತಕಾಲಿಕಕ್ಕೂ ತನ್ನದೇ ಅಂಚು, ತನ್ನದೇ ಶೀರ್ಷಿಕೆಯ ಅಳತೆ. ಹೀಗಾಗಿ ಯಾರೋ ಒಬ್ಬರು ‘ಆರ್ಟಿಕಲ್’ ಸ್ಟೈಲನ್ನು ನಕಲು ಮಾಡಿ ನಾಲ್ಕು ಕಡೆ ತಿದ್ದುತ್ತಿದ್ದರು. ಮುಂದಿನವರು ಅದನ್ನೇ ಬಳಸುತ್ತಿದ್ದರು. ಕೆಲವರು ಅಕ್ಷರಗಳ ಮೂಲ ಕಡತಕ್ಕೇ ಕೈ ಹಾಕಿದರು, ಹೆಸರು ಮಾತ್ರ ಹಳೆಯದೇ. ಪರಿಣಾಮವಾಗಿ ಒಂದೇ ಹಸ್ತಪ್ರತಿ ಒಂದು ಊರಿನಲ್ಲಿ ಸರಿಯಾಗಿ ಮೂಡಿ ಇನ್ನೊಂದು ಊರಿನಲ್ಲಿ ಕೆಡುತ್ತಿತ್ತು.

1989ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಟೆಕ್ ಬಳಕೆದಾರರು ಸೇರಿದ್ದ ಸಮಯದಲ್ಲಿ ಮಾತುಕತೆ ನಡೆದು, ಲೇಟೆಕ್‌ನ ಹೊಣೆ ಫ್ರಾಂಕ್ ಮಿಟ್ಟೆಲ್‌ಬಾಖ್ ಮತ್ತು ಸಂಗಡಿಗರ ಕೈಗೆ ಬಂತು. ಅಷ್ಟರಲ್ಲಿ ಒಂದಕ್ಕೊಂದು ಹೊಂದದ ಹಲವು ಲೇಟೆಕ್‌ಗಳು ಬಳಕೆಯಲ್ಲಿದ್ದವು. ಅವನ್ನೆಲ್ಲ ಒಂದು ಮಾಡಿದ್ದೇ 1994ರ ‘ಲೇಟೆಕ್ 2ಇ’.

ಬದಲಾವಣೆ ಹಸ್ತಪ್ರತಿಯ ಮೊದಲ ಸಾಲಿನಲ್ಲೇ ಕಾಣುತ್ತಿತ್ತು. ‘ಡಾಕ್ಯುಮೆಂಟ್‌ಸ್ಟೈಲ್’ ಹೋಗಿ ‘ಡಾಕ್ಯುಮೆಂಟ್‌ಕ್ಲಾಸ್’ ಬಂತು. ಒಂದೇ ಬಗೆಯ ಸ್ಟೈಲ್ ಕಡತದ ಬದಲು ಎರಡು ಬಗೆ: ಇಡೀ ಬರಹದ ರೂಪ ನಿರ್ಧರಿಸುವುದು ಕ್ಲಾಸ್, ಯಾವ ಕ್ಲಾಸ್ ಜೊತೆಗಾದರೂ ಸೇರಬಲ್ಲದ್ದು ಪ್ಯಾಕೇಜ್. ಹಳೆಯ ಸ್ಟೈಲ್ ಕಡತ ಇಟ್ಟುಕೊಂಡವರು ಮೊದಲು ನಿರ್ಧರಿಸಬೇಕಾದ್ದು ತಮ್ಮದು ಕ್ಲಾಸೋ ಪ್ಯಾಕೇಜೋ ಎಂಬುದನ್ನೇ. ಆಮೇಲೆ ಅಕ್ಷರಗಳ ಸರದಿ. ಹಳೆಯದರಲ್ಲಿ ‘ದಪ್ಪ’ ಎಂದು ಹೇಳಿ ಹಿಂದೆಯೇ ‘ಓರೆ’ ಎಂದರೆ ದಪ್ಪ ಅಳಿದು ಬರೀ ಓರೆ ಉಳಿಯುತ್ತಿತ್ತು. ಹೊಸ ಆಜ್ಞೆಗಳಲ್ಲಿ ಎರಡೂ ಕೂಡಿ ಬರುತ್ತವೆ. ಹಳೆಯ ಎರಡಕ್ಷರದ ಆಜ್ಞೆಗಳನ್ನು ‘ಆರ್ಟಿಕಲ್’ನಂಥ ಕ್ಲಾಸ್‌ಗಳು ಉಳಿಸಿಕೊಂಡವು, ಲೇಟೆಕ್‌ನ ತಿರುಳಿನಲ್ಲಿ ಅವು ಇರಲಿಲ್ಲ. ಸ್ವಂತ ಕ್ಲಾಸನ್ನು ಬುಡದಿಂದ ಬರೆದವರು ಅವನ್ನು ತಾವೇ ವಿವರಿಸಬೇಕಿತ್ತು, ಇಲ್ಲವಾದರೆ ದೋಷದ ಸಂದೇಶ.

ಇಷ್ಟಾದರೂ ಹಳೆಯ ಪ್ರಬಂಧಗಳು ಬೀದಿಪಾಲಾಗಲಿಲ್ಲ. ಮೊದಲ ಸಾಲಿನಲ್ಲಿ ‘ಡಾಕ್ಯುಮೆಂಟ್‌ಸ್ಟೈಲ್’ ಕಂಡೊಡನೆ ಹೊಸ ಲೇಟೆಕ್ ತಾನೇ ಹಳೆಯ 2.09 ಆವೃತ್ತಿಯ ನಡವಳಿಕೆಗೆ ಇಳಿಯುತ್ತಿತ್ತು. ಬಳಕೆದಾರರ ಶ್ರಮಕ್ಕೆ ಕೊಟ್ಟ ಈ ಗೌರವವೇ ಆ ಬಿಡುಗಡೆಯ ಅತಿ ದೊಡ್ಡ ಸಾಧನೆ. ಆದರೂ ಹೊಸ ಪದ್ಧತಿಗೆ ಸಾಗುವುದು ನಿಧಾನವಾಗಿತ್ತು: ಅಮೆರಿಕದ ಭೌತವಿಜ್ಞಾನಿಗಳ ಸಂಘವು ತನ್ನ ನಿಯತಕಾಲಿಕಗಳ ‘ರೆವ್‌ಟೆಕ್’ ಕಡತಗಳನ್ನು ಅದಕ್ಕೆ ಪೂರ್ತಿಯಾಗಿ ಮರಳಿ ಬರೆದು ಹೊರತಂದದ್ದು 2001ರಲ್ಲಿ. ಅಂಥ ದೊಡ್ಡ ಸಂಸ್ಥೆಗೇ ಏಳು ವರ್ಷ ಹಿಡಿದಿದ್ದರೆ, ಒಬ್ಬಂಟಿ ಸಂಶೋಧಕರ ಗತಿ ಊಹಿಸಬಹುದು.

ಮೂಲ ಕಡತಗಳನ್ನು ಗುಟ್ಟಾಗಿ ತಿದ್ದುವ ರೂಢಿಯನ್ನು ಲೇಟೆಕ್‌ನ ಪರವಾನಗಿಯೂ ಎದುರಿಸಿತು: ತಿದ್ದಿರಿ, ಆದರೆ ಬೇರೆ ಹೆಸರಿಡಿ. ಈ ಷರತ್ತು ಮುಕ್ತ ತಂತ್ರಾಂಶಕ್ಕೆ ಒಪ್ಪುತ್ತದೆಯೇ ಎಂದು, ಮುಕ್ತ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ಬಳಗದವರು ದೀರ್ಘವಾಗಿ ವಾದಿಸಿದರು. 2003ರ ಆವೃತ್ತಿ ಅದನ್ನು ಸಡಿಲಿಸಿ, ತಿದ್ದಿದ್ದು ಮೂಲವಲ್ಲವೆಂದು ಸ್ಪಷ್ಟವಾಗಿ ತಿಳಿಸಿದರೂ ಸಾಕೆಂದಿತು.

ಕನ್ನಡದ ಕಡತಗಳಿಗೆ ಇಂಥ ಮೆತ್ತನೆಯ ದಾರಿ ಸಿಗಲಿಲ್ಲ. ಹಿಂದಿನ ಕನ್ನಡ ಟೆಕ್‌ನಲ್ಲಿ ಪಠ್ಯವನ್ನು ರೋಮನ್ ಲಿಪಿಯಲ್ಲಿ ಬರೆದು, ಇನ್ನೊಂದು ಪ್ರೋಗ್ರಾಮಿನ ಮೂಲಕ ಹಾಯಿಸಬೇಕಿತ್ತು. 2004ರಲ್ಲಿ ಜೊನಾಥನ್ ಕ್ಯೂ ರೂಪಿಸಿದ ಝೀಟೆಕ್ ಯೂನಿಕೋಡ್ ಕನ್ನಡವನ್ನು ನೇರವಾಗಿ ಓದುತ್ತದೆ. ಆ ಹಳೆಯ ಪಠ್ಯವನ್ನು ಅದು ತಾನಾಗಿ ಗುರುತಿಸದು, ಲಿಪ್ಯಂತರ ಮಾಡಿಯೇ ಒಪ್ಪಿಸಬೇಕು.

ಹಳೆಯ ಪ್ರಬಂಧದ ಕಡತ ನಿಮ್ಮ ಬಳಿ ಇದ್ದರೆ ಅದರ ಜೊತೆಗಿದ್ದ ಸ್ಟೈಲ್ ಕಡತವನ್ನೂ ಅದೇ ಫೋಲ್ಡರಿನಲ್ಲಿಟ್ಟು ಜೋಪಾನ ಮಾಡಿ.